ಐದು ಬಾವುಟದ ಪೆಟ್ಟಿಗೆಗಳು

ಹದಿನಾಲ್ಕನೇ ತಾರೀಖು ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಅಣು ವಿದ್ಯುತ್ ಸ್ಥಾವರದ ಮ್ಯಾನೇಜರು ಠಾಣೆಗೆ ಬಂದು, ಕುರ್ಚಿ ತೋರಿಸುವ ಮೊದಲೇ ಕೂತು, ದೂರು ಕೊಟ್ಟರು. ಸುರಕ್ಷತೆಗೆಂದು ಐದು ದೇಶಗಳು ಸೇರಿ ಕೊಟ್ಟ ನೆರವಿನಲ್ಲಿ ಬಂದ ಹನ್ನೆರಡು ವಿಕಿರಣ ಮಾಪಕಗಳು ಉಗ್ರಾಣದಿಂದ ಕಳುವಾಗಿವೆ. ಪೆಟ್ಟಿಗೆಗಳಲ್ಲಿ ಈಗಿರುವುದು ಕೆಟ್ಟುಹೋದ ಹಳೆಯ ಮಾಪಕಗಳು.

"ಯಾವಾಗ ಗೊತ್ತಾಯ್ತು?" ಇನ್‌ಸ್ಪೆಕ್ಟರು ಕೇಳಿದರು.

"ನಿನ್ನೆ. ಸೋಮವಾರ ಆ ದೇಶಗಳ ತಂಡ ಬರುತ್ತೆ. ಧೂಳು ಒರೆಸೋಕೆ ಇಳಿಸಿದ್ವಿ, ಒಂದರ ತಳ ಬಿಟ್ಟುಕೊಳ್ತು."

"ಮಾಪಕ ಬಂದಿದ್ದು?"

"ಎರಡು ವರ್ಷ ಆಯ್ತು."

"ಎರಡು ವರ್ಷ ಪೆಟ್ಟಿಗೇಲೇ ಇತ್ತಾ?"

"ಪೆಟ್ಟಿಗೆ ಮೇಲೆ ಐದು ಬಾವುಟ ಇದೆ ಸಾರ್. ಬಂದವರು ಅದರ ಮುಂದೆ ನಿಂತು ಫೋಟೊ ತೆಗೆಸ್ಕೋತಾರೆ. ಒಡೆದುಬಿಟ್ರೆ ಏನು ತೋರಿಸೋದು? ಮುಂದಿನ ನೆರವು ನಿಂತಿರೋದೇ ಆ ಫೋಟೊ ಮೇಲೆ."

"ಮಳೇಲಿ ನೆನೆಯುತ್ತೆ ಅಂತ ಛತ್ರೀನ ಮನೇಲಿಟ್ಟು ಬಂದ ಹಾಗಾಯ್ತು," ಎಂದರು ಎಫ್‌ಐಆರ್ ಬರೆಯುತ್ತಿದ್ದ ಹೆಡ್ ಕಾನ್‌ಸ್ಟೇಬಲ್, ತಲೆ ಎತ್ತದೆ.

ಹನ್ನೆರಡಕ್ಕೆ ಉಗ್ರಾಣದಲ್ಲಿ ಪಂಚನಾಮೆ. ಮೇಲಿನ ಸೀಲು ಒಂದೂ ಒಡೆದಿರಲಿಲ್ಲ. ತಳವನ್ನು ಬ್ಲೇಡಿನಿಂದ ಸೀಳಿ, ನೀಟಾಗಿ ಅಂಟಿಸಲಾಗಿತ್ತು. ಹಳೆಯ ಮಾಪಕಗಳ ನಂಬರು ಚೀಟಿ ಕಿತ್ತುಹಾಕಲಾಗಿತ್ತು. ಮೂವತ್ತು ವರ್ಷದಿಂದ ಉಗ್ರಾಣ ನೋಡಿಕೊಳ್ಳುವವರು, ಎಲ್ಲರ ಬಾಯಲ್ಲಿ ಬೀಗದಜ್ಜ, ಗೋಡೆಗೆ ಒರಗಿ ನಿಂತಿದ್ದರು.

"ಯಾರ ಮೇಲಾದ್ರೂ ಅನುಮಾನ ಇದೆಯಾ?"

"ಬೀಗ ನನ್ನ ಹತ್ರ. ಅನುಮಾನ ನಿಮ್ಮ ಹತ್ರ."

ಗುಜರಿ ಅಂಗಡಿಗಳಲ್ಲಿ ವಿಚಾರಿಸಿದ್ದಕ್ಕೆ ಕಾನ್‌ಸ್ಟೇಬಲ್‌ಗಳಿಗೆ ಚಹಾ ಸಿಕ್ಕಿತು, ಮಾಲು ಸಿಗಲಿಲ್ಲ. ಮೂರು ಗಂಟೆಗೆ ಇನ್‌ಸ್ಪೆಕ್ಟರು ಎಲ್ಲ ವಿಭಾಗಗಳ ವಿಕಿರಣ ದಾಖಲೆ ಪುಸ್ತಕ ತರಿಸಿ ಓದಲು ಕೂತರು. ಪಂಪು ಕೋಣೆಯ ಪುಸ್ತಕದಲ್ಲಿ ನಾಲ್ಕು ವರ್ಷ, ಬೇರೆಬೇರೆ ಕೈಬರಹದಲ್ಲಿ, ಪ್ರತಿದಿನ ಒಂದೇ ಅಂಕಿ: ೦.೨. ಹೋದ ತಿಂಗಳ ನಾಲ್ಕನೇ ತಾರೀಖಿನಿಂದ ಅಂಕಿಗಳು ಅಲ್ಲಾಡತೊಡಗಿದ್ದವು. ೦.೩. ೦.೭. ಮೂರನೇ ಪಂಪಿನ ಹಿಂದೆ, ೪.೧. ಕಳ್ಳರು ಸುಳ್ಳು ಬರೆದು ಸಿಕ್ಕಿಬೀಳುತ್ತಾರೆ. ನಿಜ ಬರೆದು ಸಿಕ್ಕಿಬಿದ್ದವರನ್ನು ಇನ್‌ಸ್ಪೆಕ್ಟರು ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಕಂಡಿರಲಿಲ್ಲ.

"ಅಂಕಿ ನಾಲ್ಕು ದಾಟಿದೆ, ಇಪ್ಪತ್ತು ಪಟ್ಟು. ಕೆಳಗೆ ನಿಮ್ಮ ಸಹಿ ಇದೆ," ಎಂದರು ಮ್ಯಾನೇಜರಿಗೆ.

"ದಿನಕ್ಕೆ ನಲವತ್ತು ಪುಸ್ತಕ ಬರುತ್ತೆ ಸಾರ್," ಎಂದರು ಮ್ಯಾನೇಜರು. "ಸಹಿ ಹಾಕೋದೇ ಆಗುತ್ತೆ."

ನಾಲ್ಕೂವರೆಗೆ ಪಂಪು ಕೋಣೆಯ ಮೆಕ್ಯಾನಿಕ್ ತನ್ನ ಸವೆದ ಚರ್ಮದ ಚೀಲ ಬಿಚ್ಚಿ ತೋರಿಸಿದ. ಒಳಗೆ ಹೊಸ ಮಾಪಕ.

"ಯಾರು ಕೊಟ್ರು?"

"ಗೊತ್ತಿಲ್ಲ. ಒಂದು ಬೆಳಿಗ್ಗೆ ಬಂದ್ರೆ ಪಂಪು ಕೋಣೆಯ ಹನ್ನೆರಡೂ ಜನರ ಹಳೇ ಚೀಲದಲ್ಲಿ ಹೊಸದಿತ್ತು. ನಾವ್ಯಾರೂ ಕೇಳೋಕೆ ಹೋಗ್ಲಿಲ್ಲ."

"ಉಗ್ರಾಣದಲ್ಲಿ ಪರಿಚಯದವರು?"

ಅವನು ಕೈ ಒರೆಸಿಕೊಂಡ. "ಬೀಗದಜ್ಜ ನನ್ನ ಮಾವ. ಅವರಾಗಿರಲ್ಲ ಬಿಡಿ. ಮದುವೆ ದಿನದಿಂದ ನಮ್ಮದು ಎಣ್ಣೆ ಸೀಗೆಕಾಯಿ."

ಹನ್ನೆರಡೂ ಮಾಪಕಗಳನ್ನು ಜಪ್ತಿ ಮಾಡಲಾಯಿತು.

"ಮತ್ತೆ ಈಗ ನಮಗೆ?" ಎಂದ ಮೆಕ್ಯಾನಿಕ್.

"ಹಳೇದಿದೆಯಲ್ಲ," ಎಂದರು ಮ್ಯಾನೇಜರು.

"ಅದೂ ಜಪ್ತಿಯಾಗಿದೆ," ಎಂದರು ಹೆಡ್ ಕಾನ್‌ಸ್ಟೇಬಲ್.

ಉಗ್ರಾಣಕ್ಕೆ ಹೋದಾಗ ಬೀಗದಜ್ಜ ಕೀಲಿಗೊಂಚಲನ್ನು ಮೇಜಿನ ಮೇಲಿಟ್ಟು, ಚಪ್ಪಲಿ ಮೆಟ್ಟಿ ಕಾಯುತ್ತಿದ್ದರು. ಬಂಧನದ ಸಮಯ ಐದು ಮೂವತ್ತೈದು.

ಜೀಪಿನಲ್ಲಿ ಇನ್‌ಸ್ಪೆಕ್ಟರು ಕೇಳಿದರು: "ಅಳಿಯನಿಗೋಸ್ಕರ ತಾನೆ?"

"ಅವನ ಮುಖ ಕಂಡ್ರೆ ನನಗಾಗಲ್ಲ. ಆದ್ರೆ ಮಗಳಿಗೆ ಅವನು ಬೇಕಲ್ಲ."

"ಮತ್ತೆ ಹನ್ನೆರಡು ಯಾಕೆ?"

"ಅವನೊಬ್ಬನಿಗೇ ಕೊಟ್ರೆ ಮಾವ ಕೊಟ್ಟಿದ್ದು ಅಂತ ಗೊತ್ತಾಗಿಬಿಡುತ್ತೆ." ಜೀಪು ಸ್ಥಾವರದ ಗೇಟು ದಾಟಿತು. "ಮಾಪಕ ಇಲ್ಲದೆ ಪಂಪು ಕೋಣೆಗೆ ಇಳಿಯೋ ಹಾಗಿಲ್ಲ ಅಂತ ನಿಯಮ ಇದೆ. ಅವನಿಗೆ ಹೇಳಿ. ನಾನು ಹೇಳಿದ್ರೆ ಕೇಳಲ್ಲ."

ಇನ್‌ಸ್ಪೆಕ್ಟರು ಠಾಣೆ ಸೇರಿದ್ದು ಆರು ಗಂಟೆಗೆ. ಆರೋಪಿಯ ಹೇಳಿಕೆ ಬರೆಸುವ ಮೊದಲು ಪಂಪು ಕೋಣೆಗೆ ಫೋನ್ ಮಾಡಿ ಆ ನಿಯಮ ತಿಳಿಸಿದರು.

"ಯಾರು ಹೇಳಿದ್ದು?" ಎಂದ ಮೆಕ್ಯಾನಿಕ್.

"ನಿಮ್ಮ ಮಾವ."

ಅವನ ಹಿಂದೆ ಪಂಪುಗಳು ಸದ್ದು ಮಾಡುತ್ತಿದ್ದವು.

"ಆಗಲೇ ಇಳಿದಾಯ್ತು ಸಾರ್," ಎಂದ ಅವನು.