ಭುಜದ ಮೇಲಿನ ಟೋಪಿ

"ಸಾರ್, ನಮ್ಮ ಪಕ್ಕದ್ಮನೇಲಿ ಯಾವುದೋ ದೇಶದ ಮಿಲಿಟರಿಯವನು ಸತ್ತು ಬಿದ್ದಿದ್ದಾನೆ!"

ಫೋನಿನಲ್ಲಿ ಹೆಂಗಸಿನ ದನಿ. ಬೆಳಗಿನ ಟೀ ಇನ್ನೂ ಗಂಟಲಿಗೆ ಇಳಿದಿರಲಿಲ್ಲ. ನನ್ನ ಸರ್ವಿಸ್‌ನಲ್ಲಿ ಕಳ್ಳರು, ಕುಡುಕರು, ಹೆಂಡತಿಗೆ ಹೊಡೆಯುವ ಶೂರರು ಎಲ್ಲರನ್ನೂ ನೋಡಿದ್ದೇನೆ. ವಿದೇಶಿ ಸೈನಿಕ ಮಾತ್ರ ಬಾಕಿ ಇದ್ದ.

"ಏನಮ್ಮಾ, ಕನಸು ಗಿನಸು ಕಂಡ್ರಾ?" ಎಂದೆ.

"ನೀವೇ ಬಂದು ನೋಡಿ. ಬೂಟು, ಬೆಲ್ಟು ಎಲ್ಲಾ ಇದೆ. ಮುಖ ಮಾತ್ರ ಪಕ್ಕದ್ಮನೆಯವರದ್ದೇ!"

ಇನ್ಸ್‌ಪೆಕ್ಟರ್ ಮೇಡಂ ಆಗಲೇ ಜೀಪಿನ ಬಳಿ ನಿಂತಿದ್ದರು. ನಮ್ಮ ಮೇಡಂ ಮಾತಿನಲ್ಲಿ ಜಿಪುಣರು, ನೋಡುವುದರಲ್ಲಿ ಧಾರಾಳಿ. ನಾನು ಠಾಣೆಯ ದಫೇದಾರ. ನನ್ನದು ಅದರ ತಿರುಗುಮುರುಗು. ಹಾಗಾಗಿಯೇ ನಮ್ಮ ಜೋಡಿ ನಡೆಯುತ್ತದೆ.

ಮಹಡಿಯ ಹಿಂದಿನ ಕೋಣೆ. ಗೋಡೆಯುದ್ದಕ್ಕೂ ಗಾಜಿನ ಬೀರುಗಳು. ಒಳಗೆ ಹ್ಯಾಂಗರಿನಲ್ಲಿ ಸಾಲಾಗಿ ಹಸಿರು ಸಮವಸ್ತ್ರಗಳು. ನಿಲುಗನ್ನಡಿಯ ಮುಂದೆ ಆತ ಅಂಗಾತ ಮಲಗಿದ್ದ. ತಲೆಯ ಕೆಳಗೆ ರಕ್ತ. ಮೈಮೇಲೆ ಹಸಿರು ಅಂಗಿ, ಸೊಂಟಕ್ಕೆ ಬೆಲ್ಟು, ಕೆಂಗಂದು ಬಣ್ಣದ ಬೂಟು. ಎಡಭುಜದ ಪಟ್ಟಿಯ ಕೆಳಗೆ ಕೆಂಪು ಉಣ್ಣೆಯ ಮೆತ್ತನೆ ಟೋಪಿಯೊಂದನ್ನು ಮಡಚಿ ಸಿಕ್ಕಿಸಲಾಗಿತ್ತು. ಅಂಗಿಯಲ್ಲಿ ಒಂದು ಸುಕ್ಕೂ ಇರಲಿಲ್ಲ. ಏಟು ತಿಂದು ಬಿದ್ದವನು ಇಷ್ಟು ಶಿಸ್ತಾಗಿ ಬೀಳುತ್ತಾನೆಯೇ?

ಕನ್ನಡಿಯ ಪಕ್ಕ ಬಟ್ಟೆ ತೊಡಿಸುವ ಮರದ ಸ್ಟ್ಯಾಂಡ್ ಇತ್ತು. ಖಾಲಿ. ಅದರಾಚೆ ಇಸ್ತ್ರಿ ಮೇಜು. ಮೇಡಂ ಇಸ್ತ್ರಿಪೆಟ್ಟಿಗೆಯ ಮೇಲೆ ಅಂಗೈ ಹಿಡಿದರು.

"ಇನ್ನೂ ಬೆಚ್ಚಗಿದೆ, ದಫೇದಾರ್ರೇ."

ಆಮೇಲೆ ಕೈಗವಸು ಹಾಕಿಕೊಂಡು, ಸತ್ತವನ ಭುಜದಿಂದ ಟೋಪಿ ಬಿಡಿಸಿದರು. ಒಳಗೆ ಇಣುಕಿ ನೋಡಿದರು. ಟೋಪಿಯಿದ್ದ ಜಾಗದ ಬಟ್ಟೆಯನ್ನೂ ನೋಡಿದರು. ಏನೂ ಹೇಳದೆ ಕವರಿಗೆ ಹಾಕಿದರು. ಕೇಳಿದರೆ ಹೇಳುವ ಪೈಕಿ ಅಲ್ಲವೆಂದು ನಾನೂ ಕೇಳಲಿಲ್ಲ.

* * *

ಹೆಂಡತಿ ಅಡುಗೆಮನೆಯಲ್ಲಿದ್ದರು. ಒರೆಸಿದ ಒಲೆಯನ್ನೇ ಮತ್ತೆ ಒರೆಸುತ್ತಿದ್ದರು.

"ತರಕಾರಿಗೆ ಹೋಗಿದ್ದೆ. ಬಂದು ನೋಡಿದ್ರೆ ಹೀಗೆ. ಬಾಗಿಲಿಗೆ ಚಿಲಕ ಹಾಕಿರ್ಲಿಲ್ಲ."

"ಇದ್ಯಾವ ಡ್ರೆಸ್ಸಮ್ಮಾ?" ಮೇಡಂ ಕೇಳಿದರು.

"ಇಸ್ರೇಲ್ ಸೈನ್ಯದ್ದು. ಪ್ಯಾರಾಚೂಟ್ ದಳ. ಅವರಿಗೆ ಬೂಟು ಈ ಬಣ್ಣ. ಅವರು ಅಂಗೀನ ಪ್ಯಾಂಟಿನೊಳಗೆ ಸಿಕ್ಕಿಸಲ್ಲ, ಮೇಲೆ ಬೆಲ್ಟು ಕಟ್ತಾರೆ. ಟೋಪಿ ಎಡಭುಜಕ್ಕೆ." ಪಾಠ ಒಪ್ಪಿಸುವ ಹಾಗೆ ಹೇಳಿದರು.

"ಆ ದೇಶಕ್ಕೆ ಹೋಗಿದ್ರಾ ನಿಮ್ಮೆಜಮಾನ್ರು?"

"ಎಲ್ಲಿಗೂ ಹೋದೋರಲ್ಲ. ಕನ್ನಡಕದ ಅಂಗಡಿ ಇಟ್ಕೊಂಡಿದ್ರು. ಜಿರಳೆ ಕಂಡ್ರೆ ಸ್ಟೂಲ್ ಹತ್ತೋ ಮನುಷ್ಯ. ಯುದ್ಧಗಿದ್ಧ ಏನೂ ಬೇಡ, ಬಟ್ಟೆ ಅಷ್ಟೇ. ಅಸಲಿ ಬಟ್ಟೆ ಹುಡುಕಿ ತರ್ಸೋದು. ಗುಂಡಿ, ಹೊಲಿಗೆ, ಬ್ಯಾಡ್ಜು ಎಲ್ಲಾ ಸರಿ ಇರ್ಬೇಕು. ರಜಾ ದಿನ ಸರಿಯಾಗಿ ಹಾಕ್ಕೊಂಡು ಕನ್ನಡಿ ಮುಂದೆ ನಿಲ್ಲೋದು. ಅಷ್ಟೇ ಸುಖ."

"ನಿಮಗೂ ಇದರ ಹುಚ್ಚಿತ್ತಾ?"

"ನನಗಾ? ನನಗೆ ಇಸ್ತ್ರಿ ಮಾಡೋ ಕೆಲಸ."

ನಡುಮನೆಯ ಗೋಡೆಯಲ್ಲಿ ಒಂದೇ ಒಂದು ಫೋಟೊ. ನಮ್ಮದೇ ಸೈನ್ಯದ ಸಮವಸ್ತ್ರದಲ್ಲಿ ನಗುತ್ತಿದ್ದ ಹುಡುಗ. ಮೇಡಂ ನೋಡುತ್ತಿದ್ದುದನ್ನು ಕಂಡು ಆಕೆಯೇ ಹೇಳಿದರು. "ಮಗ. ಗಡೀಲಿ ಹೋದ. ಎರಡು ವರ್ಷ ಆಯ್ತು. ಅಪ್ಪನ ಬಟ್ಟೆ ನೋಡ್ತಾ ಬೆಳೆದೋನು, ಸೈನ್ಯಕ್ಕೇ ಸೇರ್ತೀನಿ ಅಂತ ಕೂತ."

ನಾನು ಕೈ ತೊಳೆಯಲು ಬಚ್ಚಲಿಗೆ ಹೋದೆ. ಮನೆಯೆಲ್ಲ ಫಳಫಳ. ಅಲ್ಲಿ ಮಾತ್ರ ಒಂದು ಬಕೆಟ್ ತುಂಬ ಕಂದು ಬಣ್ಣದ ಕೊಳಕು ನೀರು. ನಲ್ಲಿಗೆ ಅಡ್ಡವಿತ್ತು. ಚೆಲ್ಲೋಣವೆಂದು ಎತ್ತಿದೆ.

"ಚೆಲ್ಲಬೇಡಿ!"

ಅಲ್ಲಿಯವರೆಗೆ ಪಿಸುದನಿಯಲ್ಲಿ ಮಾತಾಡುತ್ತಿದ್ದ ಆ ಹೆಂಗಸು ಕಿರುಚಿದ್ದಕ್ಕೆ ಬಕೆಟ್ ನನ್ನ ಕಾಲ ಮೇಲೆ ಬೀಳುವುದೊಂದು ಬಾಕಿ. ಓಡಿ ಬಂದು ಹಿಡಿಕೆ ಕಿತ್ತುಕೊಂಡರು.

"ಗಿಡಕ್ಕೆ ಹಾಕ್ಬೇಕು," ಎಂದರು.

ಆ ಮನೆಯಲ್ಲಿ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ. ಮೇಡಂ ಬಾಗಿಲಲ್ಲೇ ನಿಂತು ನೋಡುತ್ತಿದ್ದರು.

* * *

ಫೋನ್ ಮಾಡಿದ್ದ ಪಕ್ಕದ್ಮನೆಯಾಕೆಗೆ ನಮ್ಮ ಠಾಣೆಯಲ್ಲಿ ಕೆಲಸ ಕೊಡಬಹುದಿತ್ತು. ಬೀದಿಯ ಸಮಾಚಾರವೆಲ್ಲ ಆಕೆಯ ಬಾಯಲ್ಲಿ.

"ಆ ಹೆಂಗಸಿನ ತಮ್ಮನ್ನ ಹಿಡೀರಿ. ಕೆಳಗಿನ ರೂಮಲ್ಲೇ ಇರೋದು. ಲಿಫ್ಟ್ ರಿಪೇರಿ ಮಾಡ್ತಾನೆ. ಅವನಿಗೂ ಇದೇ ಹುಚ್ಚು. ಒಂದು ಗುಂಡಿಗೋಸ್ಕರ ಊರೂರು ಅಲೀತಾನೆ ಅಂತ ಎಲ್ಲ 'ಗುಂಡಿ' ಅಂತಲೇ ಕರೀತಾರೆ. ಮೊನ್ನೆ ಭಾವ, ಭಾವಮೈದ ಇಬ್ಬರೂ ಬಾಯಿಗೆ ಬಂದ ಹಾಗೆ ಕಿತ್ತಾಡಿದ್ರು. ಯಾವುದೋ ಅಂಗಿ ನಕಲಿ ಅಂತ!"

ನನ್ನ ಲೆಕ್ಕದಲ್ಲಿ ಕೇಸು ಮುಗಿಯಿತು. ಜಗಳ ಇದೆ. ಸ್ಟ್ಯಾಂಡ್ ಖಾಲಿ ಇದೆ, ಅಂದರೆ ಬೆಲೆಬಾಳುವ ಬಟ್ಟೆ ಹೋಗಿದೆ. ಇನ್ನೇನು ಬೇಕು?

"ಬೀರುವಿನಲ್ಲಿ ಒಂದು ಹ್ಯಾಂಗರೂ ಖಾಲಿ ಇಲ್ಲವಲ್ಲ, ದಫೇದಾರ್ರೇ," ಎಂದರು ಮೇಡಂ. "ಸ್ಟ್ಯಾಂಡ್ ಮೇಲಿದ್ದದ್ದು ಆ ಬೀರುವಿನ ಬಟ್ಟೆ ಅಲ್ಲ."

ನನ್ನ ಉತ್ಸಾಹದ ಮೇಲೆ ತಣ್ಣೀರು. ಆದರೂ ಗುಂಡಿಯನ್ನು ಠಾಣೆಗೆ ತಂದೆವು.

* * *

ಗುಂಡಿ ಒಣಕಲು ಆಸಾಮಿ. ಉಗುರಿನ ಸಂದಿಯಲ್ಲಿ ಗ್ರೀಸು. ಅಪ್ಪ ಅಮ್ಮ ಬೇಗ ಹೋದರಂತೆ. ಅವನನ್ನು ಎತ್ತಿ ಆಡಿಸಿ, ಓದಿಸಿ, ಒಂದು ದಾರಿಗೆ ತಂದವಳು ಅಕ್ಕ. ಅವನಿಗೆ ಈ ಲೋಕದಲ್ಲಿ ಇದ್ದವಳು ಅವಳೊಬ್ಬಳೇ.

ಜಗಳದ ಬಗ್ಗೆ ಕೇಳಿದರೆ ಕೈ ಕೊಡವಿದ. "ಅದು ವಾರಕ್ಕೊಂದ್ಸಲ ಇದ್ದದ್ದೇ ಮೇಡಂ. ಬೈದಾಡ್ಕೊಂಡು ಆಮೇಲೆ ಒಟ್ಟಿಗೆ ಊಟ ಮಾಡ್ತಿದ್ವಿ."

"ಸರಿ. ನಿಮ್ಮಕ್ಕನ್ನ ಕರ್ಸಿ ಆ ಬಕೆಟ್ ವಿಷಯ ಕೇಳ್ತೀನಿ," ಎಂದು ಮೇಡಂ ಎದ್ದರು.

"ಅಕ್ಕ ಯಾಕೆ?" ಅವನೂ ಎದ್ದ. ಮುಖ ಬಿಳಿಚಿತ್ತು. "ನಾನೇ ಹೊಡೆದೆ. ಬರ್ಕೊಳ್ಳಿ. ಇಸ್ತ್ರಿಪೆಟ್ಟಿಗೇಲಿ ಹಿಂದಿನಿಂದ ಹೊಡೆದೆ. ಅಕ್ಕ ಮನೇಲೇ ಇರ್ಲಿಲ್ಲ. ಅವಳನ್ನ ಬಿಟ್ಬಿಡಿ."

ನಾನು ಮೇಡಂ ಕಡೆ ಗೆದ್ದವನಂತೆ ನೋಡಿದೆ. ಅವರು ಮತ್ತೆ ಕೂತರು.

"ನೀವು ಹೊಡೆದಾಗ ಅವರ ಟೋಪಿ ಎಲ್ಲಿತ್ತು?"

ಆ ಸ್ಥಿತಿಯಲ್ಲೂ ಅವನಿಗೆ ಆ ಪ್ರಶ್ನೆ ಪೆದ್ದುಪೆದ್ದಾಗಿ ಕಂಡಿರಬೇಕು. "ಎಡಭುಜದ ಪಟ್ಟಿ ಕೆಳಗೆ, ಬ್ಯಾಡ್ಜು ಮುಂದಕ್ಕೆ. ಇನ್ನೆಲ್ಲಿರುತ್ತೆ? ನಮ್ಮ ಭಾವ ತಪ್ಪಾಗಿ ಹಾಕ್ಕೊಳ್ಳೋ ಮನುಷ್ಯ ಅಲ್ಲ."

ಮೇಡಂ ಕವರನ್ನು ಮೇಜಿನ ಮೇಲಿಟ್ಟರು. ಟೋಪಿಯ ಒಳಮೈ ಕಾಣುವಂತೆ ಬಿಡಿಸಿದ್ದರು.

"ರಕ್ತ ಒಳಗಿದೆ. ಕೂದಲೂ ಅಂಟಿದೆ. ಭುಜದ ಬಟ್ಟೆ ಶುಭ್ರವಾಗಿದೆ. ಏಟು ಬಿದ್ದಾಗ ಇದು ತಲೆ ಮೇಲಿತ್ತು. ಆಮೇಲೆ ಯಾರೋ ತೆಗೆದು, ಮಡಚಿ, ಭುಜಕ್ಕೆ ಸಿಕ್ಕಿಸಿದ್ದಾರೆ. ನೀವು ಹೊಡೆದಿದ್ರೆ ಇದು ನಿಮಗೆ ಗೊತ್ತಿರ್ತಿತ್ತು."

ಗುಂಡಿ ಟೋಪಿಯನ್ನೇ ನೋಡುತ್ತ ಕೂತ.

"ತಲೆ ಮೇಲಿತ್ತಾ?" ಎಂದ. "ಎದುರಿಗೆ ಏನಿತ್ತು?"

"ಖಾಲಿ ಸ್ಟ್ಯಾಂಡ್."

ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಬೆರಳ ಸಂದಿಯಿಂದ ಮಾತು ಬಂತು.

"ಅದು ತಪ್ಪಲ್ಲ ಮೇಡಂ. ದಿನಾ ಭುಜದ ಮೇಲಿರುತ್ತೆ. ತಲೆಗೆ ಹಾಕೋದು ಸಮಾರಂಭಕ್ಕೆ. ಪರೇಡಿಗೆ, ಸತ್ತೋರಿಗೆ ಗೌರವ ಕೊಡೋವಾಗ. ಅವರು ಎಂದೂ ಹಾಕ್ಕೊಂಡಿರ್ಲಿಲ್ಲ. ಮನೇಲಿ ಯಾವ ಸಮಾರಂಭ ಇರುತ್ತೆ? ಆ ಸ್ಟ್ಯಾಂಡಿಗೆ ಹುಡುಗನ ಯೂನಿಫಾರ್ಮ್ ಹಾಕಿರ್ಬೇಕು. ಭಾವ ಅವನ ಎದುರು ನಿಂತಿದ್ರು."

ಹೇಳಿ ಮುಗಿಸಿದ ಮೇಲೆ ಅವನಿಗೆ ತಾನೇನು ಹೇಳಿದೆನೆಂದು ಹೊಳೆಯಿತು.

ಮೇಡಂ ಮೆಲ್ಲಗೆ ಹೇಳಿದರು. "ನಿಮಗೆ ಪೂರ್ತಿ ಗೊತ್ತು. ನೀವಾಗಿದ್ರೆ ಆ ಟೋಪೀನ ಅಲ್ಲೇ ಬಿಡ್ತಿದ್ರಿ. ಏನೂ ಗೊತ್ತಿಲ್ಲದ ಕಳ್ಳನೂ ಬಿಡ್ತಿದ್ದ. ತೆಗೆದು ಸರಿ ಮಾಡಿದ್ದು ಅರ್ಧ ಗೊತ್ತಿದ್ದೋರು. ಭುಜದ್ದು ಗೊತ್ತು, ಸಮಾರಂಭದ್ದು ಗೊತ್ತಿಲ್ಲ. ಅಂಥೋರು ಆ ಮನೇಲಿ ಒಬ್ಬರೇ. ಬಟ್ಟೆ ಇಸ್ತ್ರಿ ಮಾಡಿ, ಅವರಿಗೆ ತೊಡಿಸ್ತಾ ಇದ್ದೋರು. ಬೆಳಿಗ್ಗೆ ನಿಮಗೆ ಅವರೇ ಫೋನ್ ಮಾಡಿದ್ರು, ಅಲ್ವಾ?"

ಅಕ್ಕನನ್ನು ಉಳಿಸಲು ಬಂದವನು ಅಕ್ಕನ ಕೈಗೆ ತಾನೇ ಕೋಳ ಹಾಕಿದ್ದ. ಅವನು ಅಳಲಿಲ್ಲ. ಮೇಜಿನ ಅಂಚು ಹಿಡಿದುಕೊಂಡ.

"ಕರ್ಕೊಂಡು ಬನ್ನಿ. ಆದ್ರೆ ಭಾವ ಯಾಕೆ ಹಾಗೆ ನಿಂತಿದ್ರು ಅಂತ ಅವಳಿಗೆ ಹೇಳ್ಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ. ಕೊಂದಿದ್ದನ್ನ ಅವಳು ಹೇಗೋ ತಡ್ಕೋತಾಳೆ. ಅದನ್ನ ತಡ್ಕೊಳ್ಳಲ್ಲ."

* * *

ಮನೆಗೆ ಹೋದಾಗ ಆಕೆ ನಾವು ಕೇಳುವ ಮೊದಲೇ ಟ್ರಂಕು ತೆಗೆದರು. ಒಳಗೆ ಮುದುಡಿದ ಸಮವಸ್ತ್ರ. ಎತ್ತಿ ಮೇಡಂ ಕೈಗೆ ಕೊಟ್ಟರು.

"ಮೂಸಿ ನೋಡಿ."

ಮೇಡಂ ಮೂಸಿದರು.

"ಸೋಪಿನ ವಾಸನೆ. ಅಲ್ವಾ? ಅವನು ಹೋದಾಗ ಇದನ್ನ ಕಳಿಸಿದ್ರು. ಮಣ್ಣು, ಬೆವರು, ರಕ್ತ ಎಲ್ಲಾ ಇತ್ತು. ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿಟ್ಟಿದ್ದೆ. ತಡೆಯಕ್ಕಾಗದೆ ಇದ್ದಾಗ ಒಂದು ಮೂಲೆ ಬಿಚ್ಚಿ ಮೂಸಿ ತಕ್ಷಣ ಕಟ್ತಿದ್ದೆ. ಜಾಸ್ತಿ ತೆಗೆದ್ರೆ ವಾಸನೆ ಹೋಗ್ಬಿಡುತ್ತೆ ಅಂತ. ನನಗೆ ಉಳಿದಿದ್ದ ಮಗ ಅಷ್ಟೇ."

"ಅವರು ಒಗೆದ್ರು."

"ರಾತ್ರಿ ನಾನು ಮಲಗಿದ್ಮೇಲೆ ಒಗೆದ್ರು. ಹರಿದಿದ್ದ ಜೇಬು ಹೊಲಿದ್ರು. ಗುಂಡಿ ಬದಲಾಯ್ಸಿದ್ರು. ಬೆಳಿಗ್ಗೆ ನಾನು ತರಕಾರಿಗೆ ಹೋದಾಗ ಇಸ್ತ್ರಿ ಮಾಡಿ ಆ ಮರದ ಗೂಟಕ್ಕೆ ತೊಡಿಸಿ ನಿಲ್ಸಿದ್ರು, ಬೀರುವಿನ ಬಟ್ಟೆಗಳ ಜೊತೆ ಇನ್ನೊಂದು ಬಟ್ಟೆ. ಮಗ ಹೋದ್ಮೇಲೆ ಅವನ ಹೆಸರು ಒಂದ್ಸಲ ಎತ್ತಿದೋರಲ್ಲ. ಅವನನ್ನೂ ಹಾಬಿ ಮಾಡ್ಕೊಂಡ್ರು ಅನ್ನಿಸ್ತು. ಇಸ್ತ್ರಿಪೆಟ್ಟಿಗೆ ಕೈಗೆ ಸಿಕ್ತು."

ಬಕೆಟ್ಟಿನ ನೀರು ಏನೆಂದು ನನಗೆ ಆಗ ಅರ್ಥವಾಯಿತು. ನಾನು ಚೆಲ್ಲಲು ಎತ್ತಿದ್ದು ಆ ಬಟ್ಟೆಯಿಂದ ಇಳಿದ ಮಣ್ಣನ್ನು, ಬೆವರನ್ನು.

"ಟೋಪಿ ಯಾಕೆ ತೆಗೆದ್ರಿ?" ಮೇಡಂ ಕೇಳಿದರು.

"ಜನ ಬರ್ತಾರಲ್ಲ. ತಪ್ಪಾಗಿ ಹಾಕ್ಕೊಂಡಿದ್ದನ್ನ ನೋಡಿದ್ರೆ ಅವರಿಗೆ ಅವಮಾನ. ಅಂಗೀನೂ ಎಳೆದು ಸರಿ ಮಾಡ್ದೆ. ಮದುವೆಯಾದಾಗಿನಿಂದ ಒಂದಿನ ತಪ್ಪಿದೋರಲ್ಲ." ತಲೆ ಎತ್ತಿದರು. "ಇವತ್ತು ಯಾಕೆ ತಲೆಗೆ ಹಾಕ್ಕೊಂಡಿದ್ರು ಮೇಡಂ? ನಿಮಗೇನಾದ್ರೂ ಗೊತ್ತಾಯ್ತಾ?"

ನಾನು ಕಿಟಕಿಯ ಕಡೆ ತಿರುಗಿದೆ. ಗೊತ್ತಿಲ್ಲ ಅನ್ನಿ ಮೇಡಂ, ನಿಮ್ಮ ಗಂಟೇನು ಹೋಗುತ್ತೆ ಎಂದು ಮನಸ್ಸು ಬಡಿದುಕೊಳ್ಳುತ್ತಿತ್ತು. ಆದರೆ ಕೇಸು ನಿಂತಿರುವುದೇ ಆ ಟೋಪಿಯ ಮೇಲೆ. ಕೋರ್ಟಿನಲ್ಲಿ ವಕೀಲ ಅದನ್ನು ತುಂಬಿದ ಸಭೆಯಲ್ಲಿ ಬಿಡಿಸಿ ಹೇಳುತ್ತಾನೆ. ಮೇಡಂಗೂ ಅದೇ ಹೊಳೆದಿರಬೇಕು. ಆಕೆಯ ಪಕ್ಕ ಕೂತು ಎಲ್ಲವನ್ನೂ ಹೇಳಿದರು. ಒಗೆದದ್ದು ಯಾಕೆ, ಇಸ್ತ್ರಿ ಯಾಕೆ, ಟೋಪಿ ತಲೆಗೇರಿದ್ದು ಯಾಕೆ, ಯಾರ ಎದುರು.

ಆಕೆ ಪೂರ್ತಿ ಕೇಳಿಸಿಕೊಂಡರು.

"ನನ್ನೂ ಕರೀಬಹುದಿತ್ತಲ್ಲ," ಎಂದರು. "ನಾನೂ ಪಕ್ಕದಲ್ಲಿ ನಿಂತ್ಕೋತಿದ್ದೆ."

ಜೀಪಿನಲ್ಲೂ ಅದನ್ನೇ ಹೇಳಿದರು, ನನಗಲ್ಲ, ಮೇಡಂಗೂ ಅಲ್ಲ. ಠಾಣೆಯಲ್ಲಿ ಗುಂಡಿ ಬೆಂಚಿನಿಂದ ಎದ್ದು ನಿಂತ. ಅಕ್ಕನ ಮುಖ ನೋಡಿದ. ನಾವು ಹೇಳಿಬಿಟ್ಟಿದ್ದೇವೆಂದು ಅವನಿಗೆ ತಿಳಿಯಿತು. ಆಕೆ ಅವನನ್ನು ದಾಟಿಕೊಂಡು ಒಳಗೆ ಹೋದರು, ಗುರುತೇ ಇಲ್ಲದವರ ಹಾಗೆ.

"ನಿನ್ನ ಮೇಲೆ ಏನೂ ಇಲ್ಲಪ್ಪ, ಮನೆಗೆ ಹೋಗು," ಎಂದೆ.

ಅವನು ಮತ್ತೆ ಬೆಂಚಿನ ಮೇಲೆ ಕೂತ. ಸಂಜೆಯಾದರೂ ಏಳಲಿಲ್ಲ, ನಾವೂ ಏಳಿಸಲಿಲ್ಲ.