ಚಳಿಗಾಲದ ಗಾಳ

"ಎಂತ ಮಾರಾಯ, ಈ ಕಡಲಲ್ಲಿ ಒಂದು ಮೀನೂ ಇಲ್ಲವಾ?"

"ಮೀನು ಉಂಟು. ನಿಮ್ಮ ಫ್ಲೈ ಸರಿ ಇಲ್ಲ."

ಕುವೈತ್‌ನ ಸಾಲ್ಮಿಯಾ ಕಡಲತೀರದ ಬಂಡೆಗಳ ಮೇಲೆ ತನ್ನಷ್ಟಕ್ಕೆ ಗೊಣಗುತ್ತಿದ್ದ ಜೋಯಲ್ ಬೆಚ್ಚಿ ತಿರುಗಿದ. ಗಾಳದ ಕೋಲು ಹಿಡಿದು ನಿಂತ ಹುಡುಗಿ ಅವನನ್ನೇ ದಿಟ್ಟಿಸುತ್ತಿದ್ದಳು. ಅವಳು ಐವಿ. ಅಲ್ಲೇ ಹತ್ತಿರದ ರುಮೈಥಿಯಾದ ಹಲ್ಲಿನ ಕ್ಲಿನಿಕ್ಕಿನಲ್ಲಿ ನರ್ಸ್.

"ಚಳಿಗೆ ಮೀನು ತಳ ಬಿಟ್ಟು ಬರುದಿಲ್ಲ. ಇಷ್ಟು ದೊಡ್ಡದು, ಇಷ್ಟು ಹೊಳೆಯುವುದು ಕಟ್ಟಿದ್ರೆ ಹೆದರಿ ಓಡ್ತದೆ."

ಅವಳು ತನ್ನ ಡಬ್ಬಿಯಿಂದ ಇನ್ನೊಂದು ಫ್ಲೈ, ಮೀನನ್ನು ಮರುಳುಗೊಳಿಸುವ ಹುಸಿ ಎರೆ, ತೆಗೆದುಕೊಟ್ಟಳು. ಕಂದು ಗರಿಯನ್ನು ದಾರದಿಂದ ಕೊಕ್ಕೆಗೆ ಸುತ್ತಿ, ಪುಟ್ಟ ಸಿಗಡಿಯಂತೆ ಕಾಣುವ ಹಾಗೆ ಕಟ್ಟಿದ್ದು.

"ಮುಳುಗಲು ಬಿಡಿ. ನಿಧಾನ ಎಳೆಯಿರಿ... ಇನ್ನೂ ನಿಧಾನ."

ದಾರ ಜಗ್ಗಿತು. ಮೀನಿಗಿಂತ ಮೊದಲು ಅವನು ಅವಳ ಮುಖ ನೋಡಿದ.

ಅಂದಿನಿಂದ ಪ್ರತಿ ಶುಕ್ರವಾರ ಇಬ್ಬರೂ ಅಲ್ಲಿರುತ್ತಿದ್ದರು. ನೀರು ಬೆಚ್ಚಗಾದಂತೆ ಮೀನು ಮೇಲಕ್ಕೆ ಬಂತು. ಐವಿ ಈಗ ಸಣ್ಣ ಬೆಳ್ಳಿಮೀನಿನಂಥ ಬಿಳಿ ಫ್ಲೈ ಕಟ್ಟಿ, ಬೇಗ ಎಳೆಯುವುದನ್ನು ಹೇಳಿಕೊಟ್ಟಳು. ಕಲಿಯುವವನು ಕಲಿಯುತ್ತಲೇ ಹೋದ. ಕಲಿಸುವವಳು ವಾರವಿಡೀ ಶುಕ್ರವಾರಕ್ಕೆ ಕಾದಳು. ಮನಸ್ಸಿನ ಮಾತನ್ನು ಮಾತ್ರ ಯಾರೂ ಆಡಲಿಲ್ಲ.

ಆಗಲೇ ಊರಿನಿಂದ ಐವಿಯ ಮಮ್ಮಿಯ ಫೋನ್.

"ಬಾಯೇ, ಒಳ್ಳೆ ಸಂಬಂಧ ಬಂದುಂಟು. ಹುಡುಗ ಕುವೈತ್‌ನಲ್ಲೇ, ಬ್ಯಾಂಕಲ್ಲಿ. ಫೋಟೋ ಕಳಿಸಿದ್ದೇನೆ, ಹೆಸರು..."

"ಹೆಸರೂ ಬೇಡ, ಫೋಟೋನೂ ಬೇಡ ಮಮ್ಮಿ. ಆಗುದಿಲ್ಲ ಅಂತ ಹೇಳಿಬಿಡಿ."

ಜೋಯಲ್ ಇರುವಾಗ ಬೇರೆ ಯಾರನ್ನಾದರೂ ಹೇಗೆ ನೋಡಲಿ? ಅವಳು ಫೋಟೋ ತೆರೆಯದೆ ಅಳಿಸಿಬಿಟ್ಟಳು.

ಮುಂದಿನ ಶುಕ್ರವಾರ ಜೋಯಲ್ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಫೋನ್ ಎತ್ತಲಿಲ್ಲ. 'ನಾನು ಅವನಿಗೆ ಬರೀ ಗಾಳ ಕಲಿಸಿದವಳು...' ಎಂದುಕೊಂಡಳು ಐವಿ. ಕಡಲ ಕಡೆಗೇ ಹೋಗದಾದಳು.

ಒಂದು ಮಧ್ಯಾಹ್ನ ಮಮ್ಮಿ ಫೋನಿನಲ್ಲಿ ಮತ್ತೆ ಮಾತು ತೆಗೆದರು.

"ನೀನು ಬೇಡ ಅಂದ ಆ ಹುಡುಗನ ಆಂಟಿ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬರುವಾಗ ಸಿಕ್ಕಿದ್ರು. ಪಾಪ, ಜೋಯಲ್ ತುಂಬಾ ಬೇಜಾರಲ್ಲಿದ್ದಾನಂತೆ. ನಿನ್ನೊಟ್ಟಿಗೆ ಮೀನು ಹಿಡಿಯಲು ಬರ್ತಿದ್ದನಂತೆ, ಹೌದಾ?"

ಬೇಡ ಅಂದದ್ದು ಜೋಯಲ್‌ನನ್ನೇ ಎಂದು ತಿಳಿದದ್ದೇ ಐವಿ ಚೀಲ ಹೆಗಲಿಗೇರಿಸಿ ಹೊರಗೆ ಓಡಿದಳು.

ಕುವೈತ್ ಸಿಟಿಯಲ್ಲಿ ಜೋಯಲ್‌ನ ಬ್ಯಾಂಕಿನ ಮುಂದೆ ಟ್ಯಾಕ್ಸಿಯಿಂದ ಇಳಿದಾಗ ಅವಳು ಇನ್ನೂ ಕ್ಲಿನಿಕ್ಕಿನ ಸಮವಸ್ತ್ರದಲ್ಲೇ ಇದ್ದಳು. ಕೆಲಸ ಮುಗಿಸಿ ಹೊರಬಂದ ಜೋಯಲ್ ಅವಳನ್ನು ಕಂಡು ಅಲ್ಲೇ ನಿಂತ.

"ನೇರ ಕೇಳಲು ಧೈರ್ಯ ಬರಲಿಲ್ಲ, ಅದಕ್ಕೇ ಆಂಟಿ ಕೈಲಿ ಕೇಳಿಸಿದೆ. ಉತ್ತರ ಸಿಕ್ಕಿತಲ್ಲ ಐವಿ... ಇನ್ನೆಂತ?"

"ನಾನು ಹೆಸರೇ ಕೇಳಿರಲಿಲ್ಲ. ಫೋಟೋನೂ ನೋಡಿಲ್ಲ."

"ನೋಡದೇ ಬೇಡ ಅಂದದ್ದಾ? ಯಾಕೆ?"

"ಮನಸ್ಸಲ್ಲಿ ಒಬ್ಬ ಇದ್ದ."

ಅವನ ಮುಖ ಬಾಡಿತು. "ಯಾರು?"

"ನೀನೇ. ಎಂಥ ಪೆದ್ದ ನೀನು..."

ಜೋಯಲ್ ಮೆಟ್ಟಿಲ ಮೇಲೆ ಕುಸಿದು ಕೂತ. ಇಷ್ಟು ವಾರಗಳ ಭಾರವನ್ನೆಲ್ಲ ಇಳಿಸಿದವನಂತೆ ದೀರ್ಘವಾಗಿ ಉಸಿರು ಬಿಟ್ಟ. ನಗು ಆಮೇಲೆ ಬಂತು, ಕಣ್ಣೀರಿನ ಜೊತೆಗೇ.

"ಈಗ ನಿನ್ನ ಮಮ್ಮಿಗೆ ಎಂತ ಹೇಳುದು?"

"ಟ್ಯಾಕ್ಸಿಯಲ್ಲೇ ಹೇಳಿ ಆಯ್ತು. ಅವರು ನಿನ್ನ ಆಂಟಿ ಮನೆಗೆ ಹೊರಟಾಗಿದೆ."

"ನನ್ನನ್ನು ಕೇಳದೇ?"

"ಈಗ ಕೇಳ್ತಿದ್ದೇನೆ. ಆಗ್ತದಾ?"

ಅವನು ಎದ್ದು, ಅವಳ ಹೆಗಲ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡ.

"ಯಾವತ್ತು ಕೇಳಿದ್ರೂ ಆಗ್ತದೆ, ಐವಿ. ಬಾ, ಏನೂ ತಿಂದಿರಲಿಕ್ಕಿಲ್ಲ ನೀನು."