ಲಕೋಟೆ ಒಡೆಯುವವರೆಗೆ

“ನಿಮ್ಮ ಔಷಧಿ ಕೆಲಸ ಮಾಡಲ್ಲ ಅಂತ ನಾನು ಹೇಳ್ತಿಲ್ಲ. ಮಾಡುತ್ತೆ ಅನ್ನೋಕೆ ಇದರಲ್ಲಿ ಆಧಾರ ಇಲ್ಲ, ಅಷ್ಟೇ.”

ಸಭೆಯ ಕೋಣೆ ತಣ್ಣಗಾಯಿತು. ಮೂರು ವರ್ಷದ ದುಡಿಮೆಯನ್ನು ಪರದೆಯ ಮೇಲೆ ತೋರಿಸುತ್ತಾ ನಿಂತಿದ್ದ ಅವಳ ಕಿವಿ ಬಿಸಿಯಾಯಿತು. ಮಾತಾಡಿದವನು ಸಂಖ್ಯಾಶಾಸ್ತ್ರದವನು, ಕೆಲಸಕ್ಕೆ ಸೇರಿ ಒಂಬತ್ತೇ ದಿನ. ಎಲ್ಲವನ್ನೂ ತೂಗಿ ನೋಡುವ ಅವನಿಗೆ ಪ್ರಯೋಗಾಲಯದವರು ಆಗಲೇ ‘ತಕ್ಕಡಿ’ ಎಂದು ಹೆಸರಿಟ್ಟಿದ್ದರು. ಅವಳಿಗಂತೂ ಮೊದಲಿನಿಂದ ‘ಹಠಮಾರಿ’ ಎಂಬ ಹೆಸರಿತ್ತು. ಇಬ್ಬರೂ ಎದುರುಬದುರಾದದ್ದು ಇದೇ ಮೊದಲು.

“ಗಾಯ ಮಾಡಿದ ನರಕೋಶಗಳಲ್ಲಿ ನೂರಕ್ಕೆ ಎಪ್ಪತ್ತು ಬದುಕಿವೆ. ಔಷಧಿ ಹಾಕದೆ ಇರೋದ್ರಲ್ಲಿ ಇಪ್ಪತ್ತು. ಇನ್ನೇನು ಬೇಕು ನಿಮಗೆ?”

“ತಟ್ಟೆಯಲ್ಲಿ ಯಾವುದನ್ನ ಎಲ್ಲಿ ಇಟ್ಟಿದ್ರಿ?”

ಅವಳು ಪರದೆಯ ಮೇಲಿನ ತಟ್ಟೆಯ ಚಿತ್ರದತ್ತ ತಿರುಗಿದಳು.

ತೊಂಬತ್ತಾರು ಗುಳಿಗಳ ಪ್ಲಾಸ್ಟಿಕ್ ತಟ್ಟೆ ಅದು. ಔಷಧಿ ಹಾಕಿದ ಕೋಶಗಳನ್ನು ಅವಳು ಪ್ರತಿಸಲವೂ ನಡುವಿನ ಗುಳಿಗಳಲ್ಲಿ ಇಟ್ಟಿದ್ದಳು. ಹಾಕದವನ್ನು ಸುತ್ತಲಿನ ಅಂಚಿಗೆ. ಅಂಚಿನ ಗುಳಿಗಳು ಬೇಗ ಒಣಗುತ್ತವೆ, ಕೋಶಗಳು ಅಲ್ಲಿ ತಾವಾಗಿಯೇ ಸಾಯುತ್ತವೆ. ಗೊತ್ತಿಲ್ಲದ ವಿಷಯವಲ್ಲ. ಗೊತ್ತಿದ್ದರಿಂದಲೇ, ಬದುಕಬೇಕಾದವನ್ನು ಜೋಪಾನವಾಗಿ ನಡುವೆ ಇಟ್ಟಿದ್ದಳು... ಮಕ್ಕಳನ್ನು ರಸ್ತೆಯ ಒಳಬದಿಗೆ ನಡೆಸಿದ ಹಾಗೆ. ಪ್ರೀತಿಯಿಂದ ಮಾಡಿದ ತಪ್ಪಿಗೆ ಮೂರು ವರ್ಷ ನೀರುಪಾಲಾಗಿತ್ತು.

“ಹಾಗಾದ್ರೆ ಇದನ್ನ ಇಲ್ಲಿಗೇ ನಿಲ್ಲಿಸೋಣ,” ಎಂದರು ನಿರ್ದೇಶಕಿ. “ನಿಮ್ಮ ಜಾಗಕ್ಕೆ ಬೇರೆ ತಂಡ ಕಾಯ್ತಾ ಇದೆ.”

“ನಿಲ್ಸಲ್ಲ ಮೇಡಂ.”

ಎಲ್ಲರೂ ಅವಳತ್ತ ತಿರುಗಿದರು.

“ತಪ್ಪು ನನ್ನದು, ಒಪ್ಕೊಂಡೆ. ಔಷಧಿ ಏನು ತಪ್ಪು ಮಾಡಿದೆ? ಆರು ವಾರ ಕೊಡಿ. ಔಷಧಿ ಹಾಕಿದ್ದು, ಹಾಕದ್ದು ಎರಡನ್ನೂ ನಡುವೆ, ಅಂಚು ಎಲ್ಲಾ ಕಡೆ ಹಂಚಿ ಮತ್ತೆ ಮಾಡ್ತೀನಿ. ಯಾವ ಸೀಸೇಲಿ ಔಷಧಿ ಇದೆ, ಯಾವುದ್ರಲ್ಲಿ ಇಲ್ಲ ಅಂತ ನನಗೇ ಗೊತ್ತಾಗದ ಹಾಗೆ ಬರೀ ನಂಬರ್ ಹಾಕಿಸಿ. ಆ ನಂಬರಿನ ಚೀಟಿ...” ಅವಳು ಅವನತ್ತ ಬೆರಳು ತೋರಿಸಿದಳು. “ಇವರ ಹತ್ರಾನೇ ಇರಲಿ. ಸೋತ್ರೆ ಜಾಗ ನಾನೇ ಖಾಲಿ ಮಾಡ್ತೀನಿ.”

ನಿರ್ದೇಶಕಿ ಒಪ್ಪಿದರು. ಆ ಸಂಜೆ ಮನೆಯಲ್ಲಿ ಕತೆ ಕೇಳಿ ಚಿಕ್ಕಮ್ಮ ಗಾಲಿಕುರ್ಚಿಯಲ್ಲೇ ಒರಗಿಕೊಂಡು ನಕ್ಕಳು. ತಾಯಿಯಿಲ್ಲದ ಅವಳನ್ನು ಸಾಕಿದ್ದು ಈ ಚಿಕ್ಕಮ್ಮನೇ. ಕಂಡಕ್ಟರ್ ಕೆಲಸದಲ್ಲಿದ್ದಾಗ ಬಸ್ಸಿನ ಮೆಟ್ಟಿಲಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿತ್ತು. ಬಿದ್ದ ಕ್ಷಣ ಸತ್ತ ನರಕೋಶಗಳು ಒಂದಷ್ಟು. ಆಮೇಲಿನ ಗಂಟೆಗಳಲ್ಲಿ ಒಂದೊಂದಾಗಿ ಸಾಯುತ್ತಾ ಹೋದವು ಇನ್ನೆಷ್ಟೋ. ಆ ಗಂಟೆಗಳಲ್ಲಿ ಕೊಡುವಂಥ ಔಷಧಿ ಯಾರ ಬಳಿಯೂ ಇರಲಿಲ್ಲ. ಅವಳ ಹಠ ಹುಟ್ಟಿದ್ದು ಅಲ್ಲಿ.

“ನನ್ನ ಕಾಲಿಗೋಸ್ಕರ ಮಾಡ್ಬೇಡ ಕಣೇ, ಅದು ಮುಗಿದ ಕತೆ. ಇನ್ನು ಬೀಳೋರಿಗೋಸ್ಕರ ಮಾಡು. ಅಂದ್ಹಾಗೆ, ಆ ತಕ್ಕಡಿ ನೋಡೋಕೆ ಹೇಗಿದಾನೆ?”

“ಚಿಕ್ಕಮ್ಮಾ...”

“ಕೇಳಿದ್ರೆ ತಪ್ಪೇನು? ಟಿಕೆಟ್ ಇಲ್ದೆ ಹತ್ತಿದವನ ಮುಖ ನಂಗೆ ದೂರದಿಂದ್ಲೇ ಗೊತ್ತಾಗುತ್ತೆ.”

ತಟ್ಟೆಯ ನಕ್ಷೆ ಬರೆಯಲು ಮೊದಲ ವಾರ ಇಬ್ಬರೂ ಒಂದೇ ಮೇಜಿಗೆ ಕುಳಿತರು. ಹಲ್ಲು ಮಸೆಯುತ್ತಾ ಹೋದವಳು ಅವಳು. ಅವನು ಕಿತ್ತಳೆ ಸುಲಿದು ಅರ್ಧ ಅವಳ ಕಡೆ ತಳ್ಳಿದ.

“ನಿಮ್ಮ ಜಾಗದಲ್ಲಿ ನಾನಿದ್ದಿದ್ರೆ ಅವತ್ತು ಅತ್ತುಬಿಡ್ತಿದ್ದೆ,” ಎಂದ. “ನೀವು ನನ್ನ ಕಡೆಗೇ ಬೆರಳು ತೋರಿಸಿದ್ರಿ.”

ಶನಿವಾರದ ಹೊತ್ತಿಗೆ ಅವನ ಸಪ್ಪೆ ಜೋಕುಗಳಿಗೂ ಅವಳಿಗೆ ನಗು ಬರತೊಡಗಿತು. ‘ಅಯ್ಯೋ, ಏನಾಗ್ತಿದೆ ನನಗೆ...’

ಸೋಮವಾರ ಬದುಕಿದ ಕೋಶಗಳ ಎಣಿಕೆ ಶುರುವಾಯಿತು. ಅವತ್ತಿನಿಂದ ಅವನು ಬೇರೆಯೇ ಮನುಷ್ಯನಾದ.

ಅವಳು ಚಹಾ ಕುಡಿಯಲು ಬಂದರೆ ಅರ್ಧ ಲೋಟ ಬಿಟ್ಟು ಎದ್ದು ಹೋಗುತ್ತಿದ್ದ. ಎದುರು ಸಿಕ್ಕರೆ ಗೋಡೆ ನೋಡುತ್ತಿದ್ದ. ದಿನದ ಎಣಿಕೆಯ ಹಾಳೆಯನ್ನು ಅವನ ಬಾಗಿಲ ಬಳಿಯ ಪೆಟ್ಟಿಗೆಗೆ ಹಾಕಿ ಬರುವಾಗ ಅವಳ ಎದೆ ಭಾರವಾಗುತ್ತಿತ್ತು. ‘ಸೋಲ್ತಾ ಇದೀನಿ. ಅವನಿಗದು ಗೊತ್ತು. ಅದಕ್ಕೇ ಮುಖ ತಪ್ಪಿಸ್ತಿದಾನೆ... ಇಲ್ಲಾ, ನಾನೇ ಬೇಡವಾದೆನಾ?’ ಎರಡನೆಯದು ಹೆಚ್ಚು ನೋಯುತ್ತಿತ್ತು.

ನಾಲ್ಕನೇ ವಾರ ಮೆಟ್ಟಿಲ ಮೇಲೆ ಅಡ್ಡ ನಿಂತಳು.

“ನಾನೇನು ಅಂಟುರೋಗಾನಾ? ಸೋತಿದ್ರೆ ಸೋತಿದೀಯ ಅಂತ ಮುಖಕ್ಕೆ ಹೇಳಿ.”

“ದಯವಿಟ್ಟು ದಾರಿ ಬಿಡಿ.”

“ಬಿಡಲ್ಲ.”

ಅವನು ಕಣ್ಣು ಮುಚ್ಚಿಕೊಂಡ. ನಿಜವಾಗಿಯೂ ಮುಚ್ಚಿಕೊಂಡ. ಕೈಗಂಬಿಯನ್ನು ತಡವುತ್ತಾ ಅವಳ ಪಕ್ಕದಿಂದ ಇಳಿದು ಹೋದ.

ನೋಡೋಕೂ ಬೇಡವಾದೆ! ಅವಳು ಐದು ನಿಮಿಷ ಅತ್ತಳು. ಆಮೇಲೆ ಮುಖ ತೊಳೆದು, ಸೂಕ್ಷ್ಮದರ್ಶಕದ ಮುಂದೆ ಕುಳಿತು ಮತ್ತೆ ನಲವತ್ತು ಗುಳಿ ಎಣಿಸಿದಳು. ಯಾರು ಬಿಟ್ಟು ಹೋದರೂ ಎಣಿಕೆ ಬಿಡುವವಳಲ್ಲ ಅವಳು.

ಆರು ವಾರ ಮುಗಿದ ದಿನ ನಿರ್ದೇಶಕಿ ಎಲ್ಲರ ಎದುರು, ಅವನು ಅಂಟಿಸಿ ಇಟ್ಟಿದ್ದ ನಂಬರಿನ ಚೀಟಿಯ ಲಕೋಟೆ ಒಡೆದು, ಎಣಿಕೆಯ ಹಾಳೆಗಳ ಜೊತೆ ತಾಳೆ ನೋಡಿದರು.

“ಔಷಧಿ ಹಾಕಿದ್ರಲ್ಲಿ ಐವತ್ತೆಂಟು. ಹಾಕದೆ ಇರೋದ್ರಲ್ಲಿ ನಲವತ್ತೊಂದು.” ಕನ್ನಡಕ ತೆಗೆದು ಅವಳನ್ನು ನೋಡಿದರು. “ಹದಿನೇಳರ ವ್ಯತ್ಯಾಸ ಅಷ್ಟೇ. ಮೊದಲು ಐವತ್ತು ಅಂದಿದ್ರಿ.”

“ಆ ಐವತ್ತು ಸುಳ್ಳಾಗಿತ್ತು ಮೇಡಂ. ಈ ಹದಿನೇಳು ನಿಜ. ಇದನ್ನೇ ಬರೀತೀನಿ, ಯಾರು ಚಿಕ್ಕದು ಅಂದ್ರೂ.”

ನಿರ್ದೇಶಕಿ ನಿಧಾನವಾಗಿ ತಲೆಯಾಡಿಸಿದರು. “ಜಾಗ ನಿಮ್ದೇ. ಹೋಗಿ ಕೆಲಸ ನೋಡಿ.”

ಎಲ್ಲರೂ ಹೊರಟರು. ಅವನು ಕಾಗದ ಜೋಡಿಸುತ್ತಿದ್ದ. ಅವಳು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

“ಈಗ ಹೇಳಿ. ನನ್ನ ಕಂಡ್ರೆ ಓಡ್ತಿದ್ದಿದ್ದು ಯಾಕೆ?”

“ನಿಮ್ಮ ಎಣಿಕೆನೂ ನನ್ನ ಹತ್ರ, ಚೀಟಿ ಬರೆದದ್ದೂ ನಾನೇ. ನೀವು ಗೆಲ್ತಿದೀರಿ ಅಂತ ಬೇಗನೇ ಗೊತ್ತಾಗಿತ್ತು. ನಿಮ್ಮನ್ನ ನೋಡಿದ್ರೆ ಸಾಕು, ನಗು ಬಂದುಬಿಡ್ತಿತ್ತು. ನನ್ನ ಮುಖದಲ್ಲಿ ಗುಟ್ಟು ನಿಲ್ಲಲ್ಲ.” ಅವನು ತಲೆ ತಗ್ಗಿಸಿದ. “ನಾಳೆ ಯಾರಾದ್ರೂ ‘ಇವಳಿಗೆ ಮೊದಲೇ ಸುಳಿವು ಸಿಕ್ಕಿತ್ತು’ ಅಂದ್ರೆ? ನಿಮ್ಮ ಕೆಲಸಕ್ಕೆ ಆ ಮಸಿ ತಾಗಬಾರದಿತ್ತು.”

“ಮೆಟ್ಟಿಲ ಮೇಲೆ ಕಣ್ಣು ಮುಚ್ಚಿದ್ದು?”

“ನಿಮ್ಮ ಕಣ್ಣಲ್ಲಿ ನೀರಿತ್ತು. ಇನ್ನೊಂದು ಕ್ಷಣ ನೋಡಿದ್ರೆ ಎಲ್ಲಾ ಹೇಳಿಬಿಡ್ತಿದ್ದೆ.”

“ಎಲ್ಲಾ ಅಂದ್ರೆ?”

ಅವನು ಜೋಡಿಸಿದ್ದ ಕಾಗದಗಳನ್ನೇ ಮತ್ತೆ ಜೋಡಿಸತೊಡಗಿದ.

“ಸರಿ, ನಾನೇ ಹೇಳ್ತೀನಿ. ನೀವಂದ್ರೆ ನನಗೆ ಇಷ್ಟ. ತುಂಬಾ. ಆದ್ರೆ ಇನ್ನೊಂದ್ಸಲ ನನ್ನ ಒಳ್ಳೇದಕ್ಕೆ ಅಂತ ನನ್ನಿಂದ ಓಡಿದ್ರೆ ಸುಮ್ನಿರಲ್ಲ.”

“ಓಡಲ್ಲ. ನಿಮ್ಮನ್ನ ಬಿಟ್ಟು ಇರೋಕೆ ಆಗಲ್ಲ ಅಂತ ಈ ಐದು ವಾರದಲ್ಲಿ ಚೆನ್ನಾಗಿ ಗೊತ್ತಾಗಿದೆ.”

ಅವಳು ಬಾಗಿಲು ಬಿಟ್ಟು ಬಂದು ಅವನ ಕೈ ಹಿಡಿದಳು.

“ನನ್ನ ತಕ್ಕಡಿ ಅಂತೀರಲ್ಲ? ಒಂದೇ ಕಡೆ ತೂಕ ಆಯ್ತು,” ಎಂದ.

“ಹಾಗಾದ್ರೆ?”

ಅವನು ಇನ್ನೊಂದು ಕೈಯನ್ನೂ ಅವಳ ಮುಂದೆ ಚಾಚಿದ. “ಇದನ್ನೂ ಹಿಡ್ಕೊಳ್ಳಿ.”